ಮೊಡವೆ ಸಮೇತ

ಸ್ಟುಡಿಯೋ ಮನೆಗೆ ಆ ಸೋಮವಾರ ಬೆಳಿಗ್ಗೆ ಒದಗಿದ ಆಪತ್ತನ್ನು ಅದಕ್ಕೆ ತಕ್ಕ ಗಾಂಭೀರ್ಯದಿಂದಲೇ ಹೇಳಬೇಕು. ಎರಡು ತಲೆಮಾರುಗಳಿಂದ ಊರಿನ ಮುಖಗಳನ್ನೆಲ್ಲ ನುಣುಪಾಗಿ ಇಟ್ಟುಕೊಂಡು ಬಂದ ಆ ಮನೆಯ ಒಬ್ಬಳೇ ಮಗಳ ಗದ್ದದ ಮೇಲೆ, ತುಟಿಗೂ ದವಡೆಗೂ ನಡುವೆ, ಒಂದು ಮೊಡವೆ ಎದ್ದಿತ್ತು.

ಅದು ಮೊದಲು ಕಂಡದ್ದು ಹುಡುಗಿಗಲ್ಲ, ಅಪ್ಪನಿಗೆ. ತಿಂಡಿಯ ತಟ್ಟೆಯಿಂದ ತಲೆಯೆತ್ತಿದವನು ಎತ್ತಿದಂತೆಯೇ ಕೂತುಬಿಟ್ಟ. ಬಲಗೈಯ ತೋರುಬೆರಳು ಮೇಜಿನ ಮೇಲೆ ತಾನಾಗಿಯೇ ಒಮ್ಮೆ ಟಕ್ ಎಂದಿತು. ಬೆರಳಿನ ಕೆಳಗೆ ಮೌಸ್ ಇದ್ದಿದ್ದರೆ ಆ ಮೊಡವೆಯ ಆಯುಷ್ಯ ಅಲ್ಲಿಗೆ ತೀರುತ್ತಿತ್ತು. ಇದ್ದದ್ದು ಚಮಚ.

"ಏನೇ ಅದು?"

"ಯಾವುದು?"

"ಗದ್ದದ ಮೇಲೆ."

ಹುಡುಗಿ ಮುಟ್ಟಿ ನೋಡಿಕೊಂಡಳು. "ಮೊಡವೆ."

"ಮೊಡವೆ ಅಂತೆ! ಎಷ್ಟು ಸಲೀಸಾಗಿ ಹೇಳ್ತಾಳೆ ನೋಡು," ಎಂದು ಅಪ್ಪ ಹೆಂಡತಿಯ ಕಡೆ ತಿರುಗಿದ. ಮಗಳು ಕಳ್ಳತನವನ್ನು ಒಪ್ಪಿಕೊಂಡು ಮೇಲಿಂದ ಇನ್ನೊಂದು ಲೋಟ ಹಾಲು ಕೇಳಿದಂತಿತ್ತು ಅವನ ಮುಖ.

ಅಪ್ಪನ ಸಂಕಟ ಅರ್ಥವಾಗಬೇಕಾದರೆ ಅವನ ಕಸುಬು ಗೊತ್ತಿರಬೇಕು. ಅಜ್ಜನ ಕಾಲದಲ್ಲಿ ಗಿರಾಕಿಯ ಮುಖದ ಕಲೆ, ಗೀರು, ಸಿಡುಬಿನ ಗುಳಿಗಳನ್ನೆಲ್ಲ ನೆಗೆಟಿವ್ ಮೇಲೆಯೇ ಚೂಪು ಪೆನ್ಸಿಲ್ಲಿನಿಂದ ತುಂಬಿ, ಸಣ್ಣ ಬ್ಲೇಡಿನಿಂದ ಕೆರೆದು ತೆಗೆಯುತ್ತಿದ್ದರು. ಅಪ್ಪನ ಕಾಲಕ್ಕೆ ಪೆನ್ಸಿಲ್ ಹೋಗಿ ಕಂಪ್ಯೂಟರ್ ಬಂತು. ಹಿಂದಿನ ಕೋಣೆಯ ಕಪ್ಪು ಪರದೆ ಮಾತ್ರ ಹಾಗೆಯೇ ಉಳಿಯಿತು. ಆ ಪರದೆಯ ಹಿಂದೆ ಏನು ನಡೆಯುತ್ತದೆ ಎಂದು ಆತ ಇವತ್ತಿನವರೆಗೆ ಯಾರಿಗೂ ಬಾಯಿಬಿಟ್ಟು ಹೇಳಿದವನಲ್ಲ. ಫೋಟೋ ನೋಡಿ ಯಾರಾದರೂ "ಎಷ್ಟು ಚೆನ್ನಾಗಿ ಬಂದಿದೆಯಲ್ರೀ" ಎಂದರೆ ಅವನದು ಒಂದೇ ಉತ್ತರ: "ಲೈಟಿಂಗ್ ಸಾರ್, ಎಲ್ಲಾ ಲೈಟಿಂಗ್." ಜನರೇನೂ ದಡ್ಡರಲ್ಲ. ಆದರೆ ತಮ್ಮ ಮುಖವೇ ಅಷ್ಟು ಚೆಂದ, ಇಷ್ಟು ದಿನ ಸರಿಯಾದ ಬಲ್ಬು ಸಿಕ್ಕಿರಲಿಲ್ಲ ಎಂದು ನಂಬುವುದು ಎಲ್ಲರಿಗೂ ಅನುಕೂಲವಾಗಿತ್ತು.

ಹೀಗಿರುವಾಗ ಸ್ವಂತ ಮಗಳು, ಅದೂ ಶಾಲೆ ಮುಗಿಸಿ ಬಂದು ಸಂಜೆ ಕೌಂಟರಿನಲ್ಲಿ ಕೂರುವ ಮಗಳು, ಮುಖದ ಮೇಲೆ ಇಂಥದ್ದನ್ನು ಹೊತ್ತು ಕೂತರೆ ಗಿರಾಕಿಗಳು ಏನಂದುಕೊಳ್ಳಬೇಕು?

ಹುಡುಗಿಯನ್ನು ಮನೆಯಲ್ಲಿ ಕಪ್ಪೆ ಎಂದು ಕರೆಯುತ್ತಿದ್ದರು. ಆರನೆಯ ವರ್ಷದಲ್ಲಿ ಊರಿನ ಈಜುಕೊಳಕ್ಕೆ ಇಳಿದವಳು ಮೊದಲ ದಿನವೇ ಕೈಕಾಲುಗಳನ್ನು ಒಟ್ಟಿಗೆ ಬಿಚ್ಚಿ ಒಟ್ಟಿಗೆ ಮುಚ್ಚಿ, ಯಾರೂ ಹೇಳಿಕೊಡದೆ, ಅಡ್ಡಡ್ಡ ಹೋಗಿ ಆ ದಂಡೆ ಮುಟ್ಟಿದ್ದಳು. ಕೋಚ್ ಇಟ್ಟ ಆ ಹೆಸರನ್ನು ಅಪ್ಪ ಹೆಮ್ಮೆಯಿಂದ ಮನೆಗೆ ತಂದಿದ್ದ. ಈಗ ಹದಿನೈದು ವರ್ಷ ತುಂಬಿ, ಗದ್ದದ ಮೇಲಿನ ಒಂದು ಮೊಡವೆ ಎರಡಾಗಿ, ಎರಡು ಹಣೆಗೆ ಹತ್ತಿ, ಕೆನ್ನೆಗೆ ಇಳಿದು ಸಂಸಾರ ಹೂಡಿದ ಮೇಲೆ, ಮನೆಯವರು ಒಬ್ಬೊಬ್ಬರಾಗಿ ಸದ್ದಿಲ್ಲದೆ ಆ ಹೆಸರನ್ನು ಕೈಬಿಟ್ಟರು. ಅಮ್ಮ "ಪುಟ್ಟಾ" ಎನ್ನತೊಡಗಿದಳು. ಅಪ್ಪ "ಇಲ್ಲಿ ಬಾ" ಎಂದಷ್ಟೇ ಅನ್ನತೊಡಗಿದ. ಕಪ್ಪೆಗೆ ಮೊಡವೆಗಿಂತ ಹೆಚ್ಚು ಚುಚ್ಚಿದ್ದು ಈ ಮರ್ಯಾದೆ. ಕಥೆಗೆ ಅಂಥ ಸಂಕೋಚವಿಲ್ಲ, ಅವಳು ಕಪ್ಪೆಯೇ.

ಮದ್ದುಗಳು ಶುರುವಾದವು. ಅಮ್ಮ ಟೂತ್‌ಪೇಸ್ಟ್ ಹಚ್ಚಿದಳು. ಮೊಡವೆಗೆ ಏನೂ ಆಗಲಿಲ್ಲ, ಸುತ್ತಲಿನ ಚರ್ಮ ಸುಟ್ಟು ಕೆಂಪಗಾಗಿ ಮೊಡವೆಗೆ ಒಂದು ಚೌಕಟ್ಟು ಬಂತು. ಎದುರುಮನೆಯಾಕೆ ನಿಂಬೆರಸ ಎಂದಳು. ಅದನ್ನು ಹಚ್ಚಿಕೊಂಡು ಕಪ್ಪೆ ಬಚ್ಚಲಲ್ಲಿ ಕುಣಿದಾಡಿದ್ದನ್ನು ಕಂಡು ಅಮ್ಮ, "ಉರಿದ್ರೆ ಕೆಲಸ ಮಾಡ್ತಾ ಇದೆ ಅಂತ ಅರ್ಥ" ಎಂದಳು. ಚಾಕೊಲೇಟು ನಿಂತಿತು, ಕರಿದದ್ದು ನಿಂತಿತು, ದಿಂಬಿನ ಕವರ್ ದಿನಾ ಬದಲಾಯಿತು. ದಿನಕ್ಕೆ ಎಂಟು ಸಲ ಸೋಪು ಹಾಕಿ ಮುಖ ಉಜ್ಜುವ ಆಜ್ಞೆಯಾಯಿತು. ಮೊಡವೆಗಳು ಇದನ್ನೆಲ್ಲ ಸತ್ಕಾರವೆಂದು ತಿಳಿದು ನೆಂಟರನ್ನೂ ಕರೆಸಿಕೊಂಡವು.

ಆಮೇಲೆ ಅತ್ತೆ ಬಂದಳು.

ಅತ್ತೆ ಎಂದರೆ ಅಪ್ಪನ ತಂಗಿ. ಸ್ಟುಡಿಯೋದ ಮಹಡಿಯ ಮೇಲೆಯೇ ಅವಳ ಬ್ಯೂಟಿ ಪಾರ್ಲರ್. ಗಿರಾಕಿಗಳು ಮೊದಲು ಮೇಲೆ ಹತ್ತಿ ಅವಳ ಕೈಲಿ ಅರ್ಧ ಮುಖ ಮಾಡಿಸಿಕೊಂಡು, ಕೆಳಗಿಳಿದು ಅಣ್ಣನ ಕೈಲಿ ಇನ್ನರ್ಧ ಮಾಡಿಸಿಕೊಂಡು ಹೋಗುತ್ತಿದ್ದರು. ಅತ್ತೆ ಕಪ್ಪೆಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ನಾಲಿಗೆ ಲೊಚಗುಟ್ಟಿದಳು.

"ಅಣ್ಣಾ, ಇದು ಆ ಕೊಳದ ನೀರಿನದೇ ಕೆಲಸ. ಊರಿನವರೆಲ್ಲ ಬಿದ್ದು ಹೊರಳಾಡೋ ನೀರು. ಅದರಲ್ಲಿ ಔಷಧಿ ಬೇರೆ ಸುರೀತಾರೆ."

"ಅತ್ತೆ, ಕೊಳದಲ್ಲಿ ಒಂಬತ್ತು ವರ್ಷದಿಂದ ಇದೀನಿ. ಮೊಡವೆ ಬಂದಿದ್ದು ಈ ವರ್ಷ," ಎಂದಳು ಕಪ್ಪೆ.

"ಒಂಬತ್ತು ವರ್ಷ ಒಳಗೆ ಸೇರಿಕೊಂಡಿದ್ದು ಈಗ ಹೊರಗೆ ಬರ್ತಾ ಇದೆ ಕಣೇ."

ಅಪ್ಪ ತೀರ್ಪು ಕೊಟ್ಟ: ಮುಖ ಸರಿಹೋಗುವ ತನಕ ಕೊಳ ಬಂದ್.

ಆ ಬೇಸಿಗೆಯಲ್ಲಿ ವಲಯ ಮಟ್ಟದ ಸ್ಪರ್ಧೆಯಿತ್ತು. ಅದರಲ್ಲಿ ಮೊದಲ ಮೂರು ಸ್ಥಾನ ಪಡೆದವರಿಗೆ ಇಡೀ ರಜೆ ದೊಡ್ಡ ಕೊಳದ ಶಿಬಿರ, ನಿಜವಾದ ತರಬೇತಿ. ಕಪ್ಪೆಯ ಕಣ್ಣು ಮೂರು ವರ್ಷದಿಂದ ಅದೊಂದರ ಮೇಲೆಯೇ ಇತ್ತು. ನೀರಿನಲ್ಲಿ ಮುಖ ಹೇಗಿದ್ದರೂ ಯಾರೂ ಕೇಳುವುದಿಲ್ಲ. ಅಲ್ಲಿ ಮುಖ ಇರುವುದು ಉಸಿರು ಎಳೆದುಕೊಳ್ಳಲಿಕ್ಕೆ. ಭೂಮಿಯ ಮೇಲೆ ಉಳಿದ ಇನ್ನಾವ ಜಾಗದಲ್ಲೂ ಅವಳಿಗೆ ಆ ಅನುಕೂಲವಿರಲಿಲ್ಲ.

ಅತ್ತೆ ತನ್ನ ಗುಟ್ಟಿನ ಕ್ರೀಮು ತಂದಳು. ಲೇಬಲ್ ಇಲ್ಲದ ಬಿಳಿ ಡಬ್ಬಿ. "ಒಂದು ವಾರ ಹಚ್ಚು, ಆಮೇಲೆ ನನ್ನ ಹೆಸರು ಹೇಳು," ಎಂದಳು. ಒಂದು ವಾರದಲ್ಲಿ ಕಪ್ಪೆಯ ಮುಖ ನಿಜಕ್ಕೂ ಪಿಂಗಾಣಿಯ ಹಾಗೆ ಹೊಳೆಯಿತು. ಅಪ್ಪ ಕೌಂಟರಿನ ಮೇಲಿನ ದೀಪವನ್ನು ಅವಳ ಕಡೆಗೆ ತಿರುಗಿಸಿದ. ಅತ್ತೆ ಮಹಡಿಯಿಂದ ಗಿರಾಕಿಗಳನ್ನು ಕರೆತಂದು ತೋರಿಸಿದಳು. ಆಮೇಲೆ ಡಬ್ಬಿ ಖಾಲಿಯಾಗುತ್ತ ಬಂತು, ಒಂದೆರಡು ದಿನ ಹಚ್ಚುವುದು ತಪ್ಪಿತು. ಮುಖ ಹಾಲು ಉಕ್ಕಿದಂತೆ ಉಕ್ಕಿಬಿಟ್ಟಿತು. ಮೊದಲಿದ್ದವು ಮೊಡವೆಗಳು, ಈಗ ಬಂದವು ಗುಳ್ಳೆಗಳು, ಕೀವು, ಉರಿ. ದೀಪ ಮತ್ತೆ ಗೋಡೆಯ ಕಡೆ ತಿರುಗಿತು.

"ಇನ್ನೊಂದು ಡಬ್ಬಿ ತರ್ತೀನಿ," ಎಂದಳು ಅತ್ತೆ.

"ತಾ," ಎಂದ ಅಪ್ಪ.

ಆ ಸಂಜೆ ಕಪ್ಪೆ ಕೊಳದ ಬೇಲಿಯಾಚೆ ನಿಂತು ಉಳಿದವರು ಈಜುವುದನ್ನು ನೋಡಿದಳು. ಕೋಚ್ ಬೇಲಿಯ ಹತ್ತಿರ ಬಂದ. ಮಾತಿನಲ್ಲಿ ನಯ ಎಂಬುದನ್ನು ಎಂದೋ ನೀರುಪಾಲು ಮಾಡಿದವನು ಅವನು.

"ಏನೇ ಕಪ್ಪೆ, ಮುಖಕ್ಕೆ ಏನು ಬಡ್ಕೊಂಡೆ?"

ಕಪ್ಪೆಗೆ ಅಳು ಬಂತು, ಮುಖದ ಸುದ್ದಿಗಲ್ಲ; ಆ ಹೆಸರು ಕೇಳಿ ತಿಂಗಳಾಗಿತ್ತು. ಎಲ್ಲ ಹೇಳಿದಳು.

"ಪಂಪ್ ಕೆಟ್ಟರೆ ಪಂಪ್ ರಿಪೇರಿಯವನನ್ನ ಕರೀತೀವಿ. ಚರ್ಮ ಕೆಟ್ಟರೆ ಫೋಟೋದವನನ್ನ ಯಾಕೆ ಕೇಳ್ತೀರಿ? ಚರ್ಮದ ಡಾಕ್ಟರ್ ಅಂತ ಒಬ್ಬರು ಇರ್ತಾರೆ, ಗೊತ್ತಾ?"

ಹೀಗೆ ಒಂದು ಮನೆಯಲ್ಲಿ ಎರಡೂವರೆ ತಿಂಗಳ ಕಾಲ ಯಾರಿಗೂ ಹೊಳೆಯದ ವಿಷಯ ಬೇಲಿಯ ಆಚೆಯಿಂದ ಬಂತು. ಕಪ್ಪೆ ಅಮ್ಮನ ಸೆರಗು ಬಿಡದೆ ಹಟ ಮಾಡಿ ಆಸ್ಪತ್ರೆಗೆ ಹೊರಡಿಸಿದಳು. ಅಮ್ಮ ಸಾಕ್ಷಿಗೆಂದು ಬಿಳಿ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡಳು.

ಚರ್ಮದ ಡಾಕ್ಟರಮ್ಮ ಸಣ್ಣ ಕೋಣೆಯಲ್ಲಿ ದೊಡ್ಡ ಭೂತಗನ್ನಡಿ ಇಟ್ಟುಕೊಂಡಿದ್ದರು. ಮುಖವನ್ನು ನೋಡುವಾಗ ಲೊಚಗುಟ್ಟಲಿಲ್ಲ. ಅಷ್ಟಕ್ಕೇ ಕಪ್ಪೆಗೆ ಅವರ ಮೇಲೆ ನಂಬಿಕೆ ಬಂತು.

"ಮುಖ ತೊಳೀತೀಯಾ?"

"ದಿನಕ್ಕೆ ಎಂಟು ಸಲ ಡಾಕ್ಟ್ರೇ," ಎಂದಳು ಅಮ್ಮ ಹೆಮ್ಮೆಯಿಂದ. "ಪಾತ್ರೆ ಉಜ್ಜಿದ ಹಾಗೆ ಉಜ್ಜಿಸ್ತೀನಿ."

"ಪಾತ್ರೆಗೆ ನೋವಾಗಲ್ಲ. ಎರಡು ಸಲ ಸಾಕು, ಮೆತ್ತಗೆ. ಈ ವಯಸ್ಸಲ್ಲಿ ಮೈಯಲ್ಲಿ ಹಾರ್ಮೋನು ಏರುತ್ತೆ. ಚರ್ಮದ ಎಣ್ಣೆ ಗ್ರಂಥಿಗಳು ಹೊತ್ತುಗೊತ್ತಿಲ್ಲದೆ ಕೆಲಸ ಮಾಡುತ್ವೆ. ಎಣ್ಣೆ ಹೊರಗೆ ಬರೋ ಸಣ್ಣ ದಾರಿಯಲ್ಲಿ ಸತ್ತ ಚರ್ಮ ಕೂತು ಬಿರಡೆ ಹಾಕಿದ ಹಾಗಾಗುತ್ತೆ. ಒಳಗೆ ಕೀಟಾಣು ಬೆಳೆದು ಊದಿಕೊಳ್ಳುತ್ತೆ. ಇಷ್ಟೇ. ಇವಳು ಕೊಳಕು ಅಂತ ಅಲ್ಲ, ಕೊಳದ್ದೂ ತಪ್ಪಲ್ಲ."

"ಈಜಬಹುದಾ?" ಎಂದಳು ಕಪ್ಪೆ. ಅವಳು ಬಂದದ್ದೇ ಈ ಒಂದು ಪ್ರಶ್ನೆಗೆ.

"ಧಾರಾಳವಾಗಿ. ಮೇಲೆ ಬಂದ ತಕ್ಷಣ ಒಳ್ಳೆ ನೀರಲ್ಲಿ ತೊಳ್ಕೋ. ನಾನು ಕೊಡೋ ಮುಲಾಮು ರಾತ್ರಿ ತೆಳ್ಳಗೆ ಹಚ್ಚು. ಮೊದಲು ಸಿಪ್ಪೆ ಏಳುತ್ತೆ, ಇನ್ನೂ ಜಾಸ್ತಿ ಆದ ಹಾಗೆ ಕಾಣುತ್ತೆ, ಹೆದರಿ ಬಿಡಬೇಡ. ಅದು ಬಿಟ್ಟು ಬೇರೇನೂ ಬಳಿಯಬೇಡ, ಒಂದನ್ನೂ ಹಿಚುಕಬೇಡ. ಕಲೆ ಬೀಳೋದು ಮೊಡವೆಯಿಂದ ಅಲ್ಲ, ಬೆರಳಿಂದ. ಕಡಿಮೆ ಅಂದ್ರೂ ಮೂರು ತಿಂಗಳು ಬೇಕು."

ಅಮ್ಮ ಬಿಳಿ ಡಬ್ಬಿ ಮುಂದಿಟ್ಟಳು.

"ಮೊದಲ ವಾರ ಮುಖ ಹೊಳೀತಾ? ಹಚ್ಚೋದು ಬಿಟ್ಟ ಮೇಲೆ ಉಕ್ಕಿತಾ?"

"ಹೌದು, ಹೌದು," ಎಂದಳು ಅಮ್ಮ, ಜ್ಯೋತಿಷ್ಯ ಕೇಳುವವಳ ಹಾಗೆ.

"ಇದರಲ್ಲಿ ಸ್ಟೀರಾಯ್ಡ್ ಇರೋ ಹಾಗಿದೆ." ಡಾಕ್ಟರಮ್ಮ ಡಬ್ಬಿಯನ್ನು ಕಸದ ಬುಟ್ಟಿಗೆ ಹಾಕಿದರು.

"ಅಯ್ಯೋ, ನನ್ನ ನಾದಿನಿ ಕೊಟ್ಟಿದ್ದು!"

"ಡಬ್ಬಿ ವಾಪಸ್ ಬೇಕಾದ್ರೆ ತೊಳೆದು ಕೊಡ್ತೀನಿ."

ಮನೆಯಲ್ಲಿ ಈ ವರದಿಯನ್ನು ಕೇಳಿ ಅಪ್ಪ ನಕ್ಕುಬಿಟ್ಟ. "ಮೂರು ತಿಂಗಳಾ? ನಾನು ಗಿರಾಕಿಗೆ ಹೀಗಂದ್ರೆ ಅಂಗಡಿ ಮುಚ್ಚಬೇಕಾಗುತ್ತೆ. ಟೀ ತಣ್ಣಗಾಗೋದ್ರೊಳಗೆ ಮುಗಿಸೋ ಕೆಲಸ." ಆದರೂ ಆಸ್ಪತ್ರೆಯವರ ಮಾತು ತಳ್ಳಿಹಾಕುವಷ್ಟು ಧೈರ್ಯ ಅವನಿಗಿರಲಿಲ್ಲ. ಕೊಳದ ಬಾಗಿಲು ಮತ್ತೆ ತೆರೆಯಿತು. ಅತ್ತೆ ಒಂದು ವಾರ ಮಹಡಿಯಿಂದ ಇಳಿಯಲಿಲ್ಲ.

ಸ್ಪರ್ಧೆ ಹತ್ತಿರ ಬಂತು. ಈಜುವವರಿಗೆಲ್ಲ ಗುರುತಿನ ಕಾರ್ಡು ಆಗಬೇಕೆಂದೂ ಫೋಟೋ ಈಚಿನದೇ ಇರಬೇಕೆಂದೂ ಈಜು ಸಂಘದವರು ಹೇಳಿಕಳಿಸಿದರು. ಹಿಂದಿನ ವರ್ಷ ಯಾರೋ ತಂಗಿಯ ಕಾರ್ಡು ಹಿಡಿದು ಚಿಕ್ಕವರ ಗುಂಪಿನಲ್ಲಿ ಈಜಿ ಪದಕ ಹೊತ್ತುಕೊಂಡು ಹೋಗಿದ್ದರಂತೆ. ಊರಿನ ಕೊಳದ ಮಕ್ಕಳೆಲ್ಲ ಸಾಲಾಗಿ ಅಪ್ಪನ ಸ್ಟೂಲಿನ ಮೇಲೆ ಕೂತು ಎದ್ದರು. ಎಲ್ಲರೂ ಅದೇ ವಯಸ್ಸಿನವರು. ಮೊಡವೆ ಇಲ್ಲದ ಮುಖವನ್ನು ಹುಡುಕಬೇಕಾಗಿತ್ತು. ಕಪ್ಪೆ ಕೊನೆಯವಳು.

"ಅಪ್ಪಾ, ನಂದು ಹೇಗಿದೆಯೋ ಹಾಗೇ ಇರ್ಲಿ. ತಿದ್ದಬೇಡ."

"ಯಾರು ತಿದ್ದುತ್ತಾರೆ? ನಾವೆಲ್ಲ ಲೈಟಿಂಗ್..."

"ನಾನು ಗಿರಾಕಿ ಅಲ್ಲ, ಅಪ್ಪ."

ಅಪ್ಪ ಒಮ್ಮೆ ಕಪ್ಪು ಪರದೆಯ ಕಡೆ ನೋಡಿದ. "ಆಯ್ತು ಮಾರಾಯ್ತಿ, ಮುಟ್ಟಲ್ಲ."

ಆ ಕ್ಷಣದಲ್ಲಿ ಅವನು ಮನಸ್ಸಿನಲ್ಲಿಯೂ ಹಾಗೆಯೇ ಅಂದುಕೊಂಡಿದ್ದ. ಆದರೆ ಕಂಪ್ಯೂಟರಿನ ಮೇಲೆ ಮಗಳ ಮುಖ ದೊಡ್ಡದಾಗಿ ಬಿಚ್ಚಿಕೊಂಡಾಗ ಮೂಗಿನ ತುದಿಯದೊಂದು ತೀರಾ ಅತಿಯಾಯಿತು ಅನ್ನಿಸಿತು. ಅದೊಂದನ್ನು ತೆಗೆದ. ತೆಗೆದ ಮೇಲೆ ಅದರ ಪಕ್ಕದ್ದು ಎದ್ದು ಕಂಡಿತು. ಅದು ಹೋದ ಮೇಲೆ ಕೆನ್ನೆಯವು, ನಮ್ಮನ್ನೇಕೆ ಮಲತಾಯಿ ಮಕ್ಕಳು ಮಾಡಿದೆ ಎಂದು ಕೇಳುವಂತಿದ್ದವು. ಟೀ ತಣ್ಣಗಾಗುವುದರೊಳಗೆ ಮೊಡವೆಗಳು ಹೋಗಿ, ಕೊಳದ ದಂಡೆ ತಗುಲಿ ಆಗಿದ್ದ ಹುಬ್ಬಿನ ಗಾಯದ ಗುರುತೂ ಹೋಗಿ, ಕೊನೆಗೆ ಉಳಿದದ್ದು ಸಿಪ್ಪೆ ಸುಲಿದ ಮೊಟ್ಟೆಗೆ ಕಣ್ಣು ಬಾಯಿ ಬರೆದಂಥ ಒಂದು ಸುಂದರ ಬಾಲಕಿ. ಅಪ್ಪ ತೃಪ್ತಿಯಿಂದ ಅದನ್ನು ಕಣ್ತುಂಬ ನೋಡಿದ. ಕಾರ್ಡುಗಳನ್ನೆಲ್ಲ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿ, ಕಟ್ಟು ಕಟ್ಟಿ, ನೇರವಾಗಿ ಸಂಘಕ್ಕೆ ಕಳಿಸಿದ.

ಸ್ಪರ್ಧೆಯ ದಿನ ಬೆಳಿಗ್ಗೆ ಕೊಳದ ಗೇಟಿನಲ್ಲಿ ಮೇಜು ಹಾಕಿಕೊಂಡು ಸಂಘದ ಮೇಡಂ ಒಬ್ಬರು ಕೂತಿದ್ದರು. ಮುಂದೆ ಕಾರ್ಡುಗಳ ರಾಶಿ. ಕನ್ನಡಕ ಮೂಗಿನ ತುದಿಯಲ್ಲಿ. ಒಂದು ಸಲ ಅದರೊಳಗಿಂದ ಕಾರ್ಡು ನೋಡುವುದು, ಒಂದು ಸಲ ಮೇಲಿಂದ ಮುಖ ನೋಡುವುದು. ಕಪ್ಪೆಯ ಸರದಿ ಬಂದಾಗ ಆ ಕಣ್ಣುಗಳು ಮೇಲೆ ಕೆಳಗೆ ಬಹಳ ಹೊತ್ತು ಓಡಾಡಿದವು.

"ಇದು ಯಾರು?"

"ನಾನು."

"ಹಾಗಾದ್ರೆ ನೀನು ಯಾರು?"

ಕಪ್ಪೆ ಬಗ್ಗಿ ಕಾರ್ಡನ್ನು ನೋಡಿದಳು. ಅವಳಿಗೂ ಗುರುತು ಸಿಕ್ಕಲಿಲ್ಲ. ಸಿಕ್ಕಿದಾಗ ಕಿವಿ ಬಿಸಿಯಾಯಿತು.

"ನಿನಗೆ ತಂಗಿ ಇದ್ದಾಳಾ?" ಎಂದರು ಮೇಡಂ, ಹಿಂದಿನ ವರ್ಷದ ಪದಕದ ನೆನಪಿನಲ್ಲಿ.

"ಇಲ್ಲ ಮೇಡಂ. ನಮ್ಮಪ್ಪ ಇದ್ದಾರೆ. ಅವರನ್ನ ಕೇಳಿ."

ಅಪ್ಪ ಮೆಟ್ಟಿಲ ಮೇಲಿನ ಜನರ ನಡುವಿನಿಂದ ಇಳಿದು ಬಂದ. ಅವನ ಹಿಂದೆ ಅಮ್ಮ, ಅಮ್ಮನ ಹಿಂದೆ ಅತ್ತೆ. ಆ ಹೊತ್ತಿಗೆ ಸಾಲು ಉದ್ದವಾಗಿತ್ತು, ಸಾಲಿನಲ್ಲಿ ಅಪ್ಪನ ಗಿರಾಕಿಗಳೇ ಅಪ್ಪ ಅಮ್ಮಂದಿರಾಗಿ ನಿಂತಿದ್ದರು.

"ಇವಳು ನನ್ನ ಮಗಳು ಮೇಡಂ."

"ಫೋಟೋದಲ್ಲಿ ಇರೋದು?"

"ಅದೂ ನನ್ನ ಮಗಳೇ."

"ಇಬ್ಬರಲ್ಲಿ ಈಜೋಳು ಯಾರು?"

"ಇಬ್ಬರೂ ಒಂದೇ ಮೇಡಂ. ಸ್ವಲ್ಪ... ಲೈಟಿಂಗ್."

ಮೇಡಂ ಕಟ್ಟುನಿಟ್ಟಿನವರು, ಆದರೆ ಅನ್ಯಾಯದವರಲ್ಲ. ಕಪ್ಪೆಯನ್ನು ಬಿಸಿಲಿಗೆ ನಿಲ್ಲಿಸಿ ನೋಡಿದರು. ನೆರಳಿಗೆ ಕರೆದು ನೋಡಿದರು. ಟ್ಯೂಬ್‌ಲೈಟಿನ ಕೆಳಗೆ ಕೂರಿಸಿ ನೋಡಿದರು. ಯಾವ ಬೆಳಕಿನಲ್ಲೂ ಮೊಡವೆ ಜಾಗ ಬಿಟ್ಟು ಕದಲಲಿಲ್ಲ. "ಕಾರ್ಡಲ್ಲಿ ಇರೋ ಮುಖ ಬಂದ್ರೆ ಒಳಗೆ ಬಿಡ್ತೀನಿ. ಪಕ್ಕಕ್ಕೆ ನಿಲ್ಲಿ," ಎಂದು ಕಾರ್ಡನ್ನು ಬೇರೆ ಇಟ್ಟರು.

"ಅಪ್ಪಾ, ಅಳಿಸಿದೀನಿ ಅಂತ ಹೇಳು," ಎಂದಳು ಕಪ್ಪೆ ತಗ್ಗಿದ ದನಿಯಲ್ಲಿ. "ಒಂದು ಮಾತು. ಬಿಟ್ಟುಬಿಡ್ತಾರೆ."

ಅಪ್ಪ ಸಾಲಿನಲ್ಲಿದ್ದ ಗಿರಾಕಿಗಳ ಕಡೆ ನೋಡಿದ. ಮೇಡಂ ಬೇರೆ ಇಟ್ಟ ಕಾರ್ಡನ್ನು ಕೈಗೆತ್ತಿಕೊಂಡು ಅಂಗಿಯ ತುದಿಯಿಂದ ಒರೆಸತೊಡಗಿದ.

ಆಗ ಅತ್ತೆಗೆ ಹೊಳೆಯಿತು. ಅವಳು ಎಲ್ಲಿಗೆ ಹೋದರೂ ಜೊತೆಗೆ ಹೋಗುವ ಮೇಕಪ್ ಪೆಟ್ಟಿಗೆಯನ್ನು ಬೆಂಚಿನ ಮೇಲಿಟ್ಟು ಚಿಲಕ ತೆಗೆದಳು. "ಅವರಿಗೆ ಕಾರ್ಡಿನ ಮುಖ ತಾನೇ ಬೇಕು? ಬಾರೇ ಇಲ್ಲಿ."

"ಡಾಕ್ಟರು ಬೇಡ ಅಂದಿದಾರೆ ಅತ್ತೆ."

"ಡಾಕ್ಟರು ಗೇಟಲ್ಲಿ ಕೂತಿಲ್ಲ."

ಒಳಗಿನಿಂದ ಮೊದಲ ಸೀಟಿ ಕೇಳಿಸಿತು. ಕಪ್ಪೆ ಹಲ್ಲು ಕಚ್ಚಿ ಬೆಂಚಿನ ಮೇಲೆ ಕೂತಳು. "ಬಳಿ," ಎಂದಳು.

ಅತ್ತೆ ಎಡಗೈಯಲ್ಲಿ ಕಾರ್ಡು ಹಿಡಿದು ನೋಡಿ ನೋಡಿ ಬಲಗೈಯಲ್ಲಿ ಬಳಿದಳು. ಅಣ್ಣ ಮುಖದಿಂದ ಫೋಟೋ ಮಾಡಿದ್ದ. ತಂಗಿ ಈಗ ಫೋಟೋದಿಂದ ಮುಖ ಮಾಡಿದಳು. ಮೇಡಂ ಕಾರ್ಡು ನೋಡಿದರು, ಕಪ್ಪೆಯನ್ನು ನೋಡಿದರು. ಅವರ ಮುಖ ಅರಳಿತು.

"ಹಾಂ, ಈಗ ಸರಿ. ಮೊದಲೇ ಸರಿಯಾಗಿ ಬರೋಕೆ ಏನಾಗಿತ್ತಮ್ಮಾ?"

ಸಾಲಿನಲ್ಲಿ ಕಪ್ಪೆಯ ಹಿಂದಿದ್ದ ಉದ್ದನೆಯ ಹುಡುಗನ ಕಾರ್ಡೂ ಅಪ್ಪನ ಕೈಚಳಕವೇ. ಅವನ ಹಿಂದಿದ್ದವಳದೂ ಅದೇ. ಮೇಡಂ ಒಬ್ಬೊಬ್ಬರನ್ನೇ ಪಕ್ಕಕ್ಕೆ ನಿಲ್ಲಿಸುತ್ತ ಬಂದಂತೆ ಅವರ ತಾಯಂದಿರು ಒಬ್ಬೊಬ್ಬರಾಗಿ ಅತ್ತೆಯ ಬೆಂಚಿಗೆ ಮುತ್ತಿದರು. ನಿಜ ಏನೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಅದನ್ನು ಗಟ್ಟಿಯಾಗಿ ಹೇಳಿದರೆ, ಮನೆಯ ಗೋಡೆಯ ಮೇಲೆ ತೂಗುಹಾಕಿದ ತಮ್ಮ ಫೋಟೋಗಳ ಗತಿಯೇನು? ಅತ್ತೆ ಅಂದು ಮಾಡಿದ ಕೆಲಸ ಒಂದು ಮದುವೆ ದಿಬ್ಬಣಕ್ಕೆ ಸಾಕಾಗುತ್ತಿತ್ತು. ಉದ್ದನೆಯ ಹುಡುಗ "ನನಗೆ ಬೇಡ, ನಾನು ಗಂಡಸು" ಎಂದು ಕೂಗಾಡಿದ. ಅವನ ತಾಯಿ ಜುಟ್ಟು ಹಿಡಿದು ಕೂರಿಸಿದಳು. ಕಡೆಗೆ ಒಂದೇ ಅಚ್ಚಿನಲ್ಲಿ ತೆಗೆದಂಥ ಮುಖಗಳ ಒಂದು ಪಡೆ ಗೇಟು ದಾಟಿ ಒಳಗೆ ಹೋಯಿತು.

ಪ್ರಾಥಮಿಕ ಸುತ್ತು ಶುರುವಾಯಿತು. ಕಪ್ಪೆ ನೀರಿಗೆ ಬಿದ್ದಾಗ ಮುಖದ ಮೇಲಿನದೆಲ್ಲ ಒಮ್ಮೆಗೆ ಎದ್ದು ಬಂದು ಕಣ್ಣಿಗೆ ಹೋಯಿತು. ಕಣ್ಣು ಮುಚ್ಚಿಕೊಂಡೇ ಈಜಿದಳು. ದಾರಿ ಅವಳ ಕೈಕಾಲುಗಳಿಗೆ ಗೊತ್ತಿತ್ತು. ಅವಳ ಹಿಂದೆ ನೀರಿನ ಮೇಲೆ ಮಾಸಲು ಬಣ್ಣದ ಕೆನೆಯ ಗೆರೆಯೊಂದು ಎದ್ದಿತು. ಅಕ್ಕಪಕ್ಕದ ಸಾಲುಗಳಲ್ಲೂ ಅಂಥವೇ. ಅವಳು ಎರಡನೆಯವಳಾಗಿ ದಂಡೆ ಮುಟ್ಟಿ, ಮುಖ ಒರೆಸಿಕೊಂಡು, ಮೊಡವೆಗಳ ಸಹಿತ ಮೇಲೆದ್ದಳು. ಫೈನಲಿಗೆ ಆಯ್ಕೆಯಾಗಿದ್ದಳು.

ಕೊಳ ನೋಡಿಕೊಳ್ಳುವಾತ ಪಂಪಿನ ಮನೆಯಿಂದ ಬಾಯಿ ಬಡಿದುಕೊಂಡು ಓಡಿಬಂದ. "ಯಾರ್ರೀ ನೀರಿಗೆ ಗೋಡೆ ಬಣ್ಣ ಸುರಿದಿದ್ದು? ಫಿಲ್ಟರ್ ಪೂರ್ತಿ ಅಂಟು! ಇನ್ನೊಬ್ಬರು ಬಳ್ಕೊಂಡು ನೀರಿಗೆ ಇಳಿದ್ರೆ ನಾನು ಕೊಳಾನೇ ಖಾಲಿ ಮಾಡಿಬಿಡ್ತೀನಿ!"

ಇತ್ತ ಫೈನಲಿನವರ ಗುರುತು ನೋಡಲು ಕಾರ್ಡು ಹಿಡಿದು ಬಂದ ಮೇಡಂ ಅಲ್ಲೇ ಕುಸಿದು ಕೂತರು. "ನಾನು ಒಳಗೆ ಬಿಟ್ಟಿದ್ದು ಇವರನ್ನಲ್ಲ," ಎಂದರು. "ಒಬ್ಬರನ್ನೂ ಅಲ್ಲ."

ಮುಖ್ಯ ರೆಫರಿ ಬಂದರು. ಕೊರಳಲ್ಲಿ ಸೀಟಿ, ಕೈಯಲ್ಲಿ ಮೈಕು, ಬೆಳಗಿನಿಂದ ಕೂಗಿ ಒಡೆದ ಗಂಟಲು. ಬಣ್ಣ ಬಳಿದರೆ ಕೊಳ ಖಾಲಿ, ಬಳಿಯದಿದ್ದರೆ ಕಾರ್ಡು ಹೊಂದುವುದಿಲ್ಲ ಎಂಬ ಸಂಗತಿ ತಿಳಿದು ತಲೆ ಕೆರೆದುಕೊಂಡರು. "ಹತ್ತು ನಿಮಿಷ. ಅಷ್ಟರೊಳಗೆ ಯಾರು ಯಾರು ಅಂತ ಗೊತ್ತಾಗದಿದ್ರೆ ಈ ಊರಿನವರನ್ನ ಬಿಟ್ಟು ಫೈನಲ್ ನಡೆಸ್ತೀನಿ. ಆ ಫೋಟೋ ತೆಗೆದವರು ಎಲ್ಲಿ?"

ಅಪ್ಪ ಮುಂದೆ ಬಂದ. "ನಮಸ್ಕಾರ ಸಾರ್. ಫೋಟೋ ಎಲ್ಲಾ ಅಸಲೀನೇ. ನಮ್ಮಲ್ಲಿ ಲೈಟಿಂಗ್ ಸ್ವಲ್ಪ..."

ಕಪ್ಪೆಗೆ ಸಾಕಾಗಿಹೋಯಿತು. ಒದ್ದೆ ಪಾದಗಳಲ್ಲಿ ಪಟಪಟನೆ ನಡೆದು ಬಂದು ರೆಫರಿಯವರ ಎದುರಿಗೆ ನಿಂತಳು.

"ಸಾರ್, ನಿಮ್ಮ ಫೋನು ನಮ್ಮಪ್ಪನಿಗೆ ಕೊಡಿ."

"ಯಾಕಮ್ಮಾ?"

"ಇಲ್ಲೇ ನನ್ನ ಫೋಟೋ ತೆಗೀಲಿ. ಎಲ್ಲಿ ಬೇಕಾದ್ರೂ ನಿಲ್ಲಿಸ್ಲಿ, ಹೇಗೆ ಬೇಕಾದ್ರೂ ಲೈಟಿಂಗ್ ಮಾಡ್ಲಿ. ಮೊಡವೆ ಹೋದ್ರೆ ನಾನು ಫೈನಲ್ ಬಿಟ್ಟು ಮನೆಗೆ ಹೋಗ್ತೀನಿ. ಹೋಗದಿದ್ರೆ ಏನಾಯ್ತು ಅಂತ ಅಪ್ಪ ತಾನೇ ಹೇಳ್ಲಿ."

"ಏಯ್, ಎಲ್ಲರ ಮುಂದೆ ಏನೇ ಇದು?" ಎಂದ ಅಪ್ಪ ಹಲ್ಲಿನ ನಡುವಿನಿಂದ.

"ಎಲ್ಲರ ಮುಂದೇನೇ ಅಪ್ಪ, ನಾನು ಬೆಳಗಿನಿಂದ ನಿಂತಿರೋದು."

ರೆಫರಿ ಫೋನು ಕೊಟ್ಟರು. ಅಪ್ಪನಿಗೆ ಬೇರೆ ದಾರಿಯಿರಲಿಲ್ಲ. ಅಭ್ಯಾಸಬಲದಿಂದ ಮಗಳ ಭುಜ ಹಿಡಿದು ತಿರುಗಿಸಿದ, ಗದ್ದ ಎತ್ತಿದ, ಬಿಳಿ ಟವೆಲ್ಲೊಂದನ್ನು ಕೆಳಗೆ ಹಿಡಿಸಿ ಬೆಳಕು ಮೇಲೆ ಚಿಮ್ಮಿಸಿದ. ಅವನು ಕಸುಬು ಬಲ್ಲವನೇ. ಕಪ್ಪು ಪರದೆಯ ಹಿಂದೆ ಹೋಗದೆ ಅವನು ಪೂರ್ತಿ ಮುಗಿಸಿದ ಮೊದಲ ಫೋಟೋ ಅದು, ಮತ್ತು ತುಂಬ ಚೆನ್ನಾಗಿಯೇ ಬಂತು: ಒಂದೊಂದು ಮೊಡವೆಗೂ ಅದರದರ ಹೊಳಪು, ಅದರದರ ನೆರಳು. ಮೇಡಂ ಕನ್ನಡಕ ಏರಿಸಿ ಫೋನು ನೋಡಿದರು, ಕಪ್ಪೆಯನ್ನು ನೋಡಿದರು. "ಇದು ಇವಳೇ," ಎಂದರು.

"ಹಾಗಾದ್ರೆ ಕಾರ್ಡಲ್ಲಿ ಇರೋ ಫೋಟೋಗೆ ಏನಾಗಿದೆ?" ಎಂದರು ರೆಫರಿ.

ಅಪ್ಪ ನೆಲ ನೋಡಿದ. ಮಗಳ ಕಾಲಿನ ಸುತ್ತ ನೀರು ನಿಂತಿತ್ತು. ಬಿಳಿ ಟವೆಲ್ಲು ಇನ್ನೂ ಅವಳ ಕೈಯಲ್ಲೇ ಇತ್ತು.

"ಅಳಿಸಿದೀನಿ," ಎಂದ.

"ಏನು?"

"ಮೊಡವೆ ಸಾರ್. ನಾನೇ ಅಳಿಸಿದ್ದು. ಎಲ್ಲರದೂ."

ಗಿರಾಕಿಗಳ ಗುಂಪಿನಲ್ಲಿ ಯಾರೋ "ಛೇ ಛೇ" ಎಂದರು. ಉದ್ದನೆಯ ಹುಡುಗನ ತಾಯಿ, "ನಮ್ಮ ಹುಡುಗನ ಮುಖದಲ್ಲಿ ಅಳಿಸೋ ಅಂಥದ್ದು ಏನಿತ್ತು?" ಎಂದು ರೇಗಿದಳು. ಅವಳ ಮಗ, ಹಣೆಯ ತುಂಬ ಕೆಂಪು ಚುಕ್ಕೆಗಳ ಸಮೇತ, ಪಕ್ಕದಲ್ಲೇ ನಿಂತಿದ್ದ.

ರೆಫರಿ ಮೈಕು ಬಾಯಿಗೆ ಹಿಡಿದರು. ಒಡೆದ ದನಿ ಕೊಳದ ನಾಲ್ಕೂ ಗೋಡೆಗಳಿಗೆ ಬಡಿದು ಬಂತು: "ಗಮನಿಸಿ. ಫೋಟೋದವರು ಮೊಡವೆ ಅಳಿಸಿದ್ದನ್ನು ಒಪ್ಪಿಕೊಂಡಿದ್ದಾರೆ. ಅವರೇ ಈಗ ಇಲ್ಲೇ ಹೊಸ ಫೋಟೋ ತೆಗೆಯುತ್ತಾರೆ. ಫೈನಲಿಗೆ ಬಂದಿರೋ ಸ್ಪರ್ಧಿಗಳು ಮುಖ ತೊಳೆದುಕೊಂಡು ಮೊಡವೆ ಸಮೇತ ಸಾಲಾಗಿ ಬರತಕ್ಕದ್ದು. ಮೇಕಪ್ ಪೆಟ್ಟಿಗೆಯವರು ದಯವಿಟ್ಟು ಗೇಟಿನ ಹೊರಗೆ ಹೋಗಬೇಕು."

ಅತ್ತೆ ಪೆಟ್ಟಿಗೆಯ ಚಿಲಕ ಹಾಕಿಕೊಂಡು, ಈ ಊರಿಗೆ ಉಪಕಾರ ಮಾಡಬಾರದು ಎಂದು ಅಮ್ಮನಿಗೆ ಕೇಳಿಸುವಂತೆ ಹೇಳಿ ಹೊರಗೆ ನಡೆದಳು. ಅಪ್ಪ ಮಕ್ಕಳನ್ನು ಒಬ್ಬೊಬ್ಬರಾಗಿ ಬೆಳಕಿಗೆ ನಿಲ್ಲಿಸಿ ಫೋಟೋ ತೆಗೆದ. ಅವನ ತೋರುಬೆರಳು ಪ್ರತಿ ಮುಖಕ್ಕೂ ಒಮ್ಮೆ ಗಾಳಿಯಲ್ಲಿ ಟಕ್ ಎನ್ನುತ್ತಿತ್ತು. ಪಾಪ, ಅದಕ್ಕೇನು ಗೊತ್ತು.

"ಹೋಗು," ಎಂದ ಮಗಳಿಗೆ, ಮುಖ ನೋಡದೆ. "ಕಪ್ಪೆ, ಹೋಗು. ಕರೀತಾ ಇದಾರೆ."

ಸ್ಟುಡಿಯೋದ ವ್ಯಾಪಾರ ಬಿದ್ದುಹೋಗುತ್ತದೆ ಎಂದು ಅಮ್ಮ ಆ ವಾರವೆಲ್ಲ ಊಟ ಬಿಟ್ಟಳು. ಆದದ್ದು ಬೇರೆ. ಇದುವರೆಗೆ ಲೈಟಿಂಗನ್ನು ನಂಬಿ ಬರುತ್ತಿದ್ದ ಗಿರಾಕಿಗಳು ಈಗ ಕೌಂಟರಿಗೆ ಒರಗಿ, ಏನೇನು ಅಳಿಸಬೇಕೆಂದು ಬೆರಳಿಟ್ಟು ತೋರಿಸತೊಡಗಿದರು. ಒಬ್ಬಾಕೆ ಗಂಡನನ್ನೇ ಅಳಿಸಲು ಬರುತ್ತದೆಯೇ ಎಂದು ಕೇಳಿದಳು. ಅಪ್ಪ ಹೆಚ್ಚು ದುಡಿಯಬೇಕಾಗಿ ಬಂತು.

ಕಪ್ಪೆ ಫೈನಲಿನಲ್ಲಿ ಮೂರನೆಯವಳಾಗಿ ಬಂದು ಶಿಬಿರಕ್ಕೆ ಆಯ್ಕೆಯಾದಳು. ಮೊಡವೆಗಳು ಹೋಗುವುದಕ್ಕೆ ಇನ್ನೂ ಐದು ತಿಂಗಳು ಹಿಡಿಯಿತು.